ಜೀವಮೂಲ ಅರ್ಥವ್ಯವಸ್ಥೆಯೂ ತುಮಕೂರು ಸೀಮೆಯ ಬಯಲು ತಾಲ್ಲೂಕುಗಳೂ

೧

ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳಿಂದ ವರ್ಷವರ್ಷಕ್ಕೂ ಹೊಸದಾಗಿ ಒದಗುವ ಪದಾರ್ಥವನ್ನು ಮೂಲದ್ರವ್ಯವಾಗಿ ಇಟ್ಟುಕೊಂಡು, ಅದರಿಂದ ಇಂಧನ, ಔಷಧ, ನಾರು, ಬಣ್ಣ, ಗೊಬ್ಬರ ಮುಂತಾದುವನ್ನು ತಯಾರಿಸಿ, ಆ ತಯಾರಿಕೆಯ ಮೇಲೆ ದೇಶದ ಜೀವನೋಪಾಯವನ್ನು ನಿಲ್ಲಿಸಬೇಕೆಂಬ ಪದ್ಧತಿಗೆ ಈಚೆಗೆ ‘ಬಯೋ ಎಕಾನಮಿ’ ಎಂಬ ಹೆಸರು ಬಂದಿದೆ. ವೃತ್ತಪತ್ರಿಕೆಗಳು ಇದನ್ನು ‘ಜೈವಿಕ ಆರ್ಥಿಕತೆ’ ಎಂದು ಕರೆಯುವುದುಂಟು. ಆರ್ಥಿಕತೆಯೇ ಜೀವವುಳ್ಳದ್ದೆಂಬ ಅರ್ಥಕ್ಕೆ ಆ ಮಾತು ಎಡೆಗೊಡುವುದರಿಂದ, ಪ್ರಕೃತ ಲೇಖನದಲ್ಲಿ ‘ಜೀವಮೂಲ ಅರ್ಥವ್ಯವಸ್ಥೆ’ ಎಂಬ ಸಮಾಸವನ್ನು ಬಳಸಿದೆ.

ಹೆಸರು ಹೊಸದಾದರೂ ವಸ್ತು ಹಳೆಯದೇ. ಹೊಂಗೆಯೆಣ್ಣೆಯ ದೀಪ, ತಂಗಡಿಯ ತೊಗಟೆಯಿಂದ ಹದಮಾಡಿದ ತೊಗಲು, ಕತ್ತಾಳೆಯ ಹಗ್ಗ, ಕುರಿಯ ಉಣ್ಣೆಯ ಕಂಬಳಿ, ಬೇವಿನ ಹಿಂಡಿಯ ಗೊಬ್ಬರ — ಇವೆಲ್ಲ ನಮ್ಮ ಬಯಲುಸೀಮೆಯ ಜೀವಮೂಲ ಅರ್ಥವ್ಯವಸ್ಥೆಯ ಅಂಗಗಳೇ ಆಗಿದ್ದುವು. ನೆಲದಡಿಯ ಕಲ್ಲಿದ್ದಲೂ ಎಣ್ಣೆಯೂ ಬಂದು ಇವನ್ನು ಮೂಲೆಗೆ ಒತ್ತಿದುವು. ಈಗ ಆ ಕಲ್ಲಿದ್ದಲು ಮತ್ತು ಎಣ್ಣೆಗಳಿಂದಲೇ ವಾಯುಮಂಡಲ ಕೆಡುತ್ತಿರುವುದನ್ನು ಕಂಡು, ಸರ್ಕಾರಗಳು ಹಳೆಯ ಮೂಲಕ್ಕೆ ಹೊಸ ವಿಜ್ಞಾನದ ದಾರಿಯಿಂದ ಹಿಂದಿರುಗಲು ಹವಣಿಸುತ್ತಿವೆ. ಜರ್ಮನಿಯು ೨೦೧೦ರಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಸಂಶೋಧನ ನೀತಿಯನ್ನು ರಚಿಸಿತು. ಯೂರೋಪಿನ ಒಕ್ಕೂಟವು ೨೦೧೨ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಭಾರತ ಸರ್ಕಾರದ ಮಂತ್ರಿಮಂಡಲವು ೨೦೨೪ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ‘ಬಯೋ ಇ೩’ ಎಂಬ ನೀತಿಗೆ ಒಪ್ಪಿಗೆಯಿತ್ತಿತು. ಅರ್ಥವ್ಯವಸ್ಥೆ, ಪರಿಸರ, ಉದ್ಯೋಗ ಎಂಬ ಮೂರಕ್ಕೂ ಜೀವತಂತ್ರಜ್ಞಾನವನ್ನು ಹೂಡುವುದು ಅದರ ಉದ್ದೇಶ. ಇಂಗ್ಲಿಷಿನಲ್ಲಿ ಈ ಮೂರು ಮಾತುಗಳೂ ‘ಇ’ಕಾರದಿಂದ ಮೊದಲಾಗುವುದರಿಂದ ಆ ಹೆಸರು.

ರಾಜಧಾನಿಯಲ್ಲಿ ಅಚ್ಚಾದ ಇಂಥ ನೀತಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಏನು ಅರ್ಥ ಎಂಬುದೇ ಇಲ್ಲಿಯ ವಿಚಾರ. ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದ ಈ ನಾಲ್ಕು ತಾಲ್ಲೂಕುಗಳು ಸ್ಥೂಲವಾಗಿ ವರ್ಷಕ್ಕೆ ೫೦೦ರಿಂದ ೭೫೦ ಮಿಲಿಮೀಟರು ಮಳೆಯನ್ನು ನೆಚ್ಚಿದ ನಾಡು. ಜಯಮಂಗಲಿ, ಸುವರ್ಣಮುಖಿಗಳು ಹೆಸರಿನಲ್ಲಿ ನದಿಗಳಾದರೂ ಬಹುಕಾಲ ಮರಳಿನ ಹರವುಗಳೇ. ಕಡಲೆಕಾಯಿ, ರಾಗಿ, ಹುಣಿಸೆ, ಕುರಿ ಇವೇ ಮುಖ್ಯವಾದ ಸಂಪತ್ತು. ಜೀವಮೂಲದಿಂದ ದೇಶವನ್ನು ಕಟ್ಟುವೆವೆಂಬ ಮಾತಿಗೆ ಇದಕ್ಕಿಂತ ಕಠಿನವಾದ ಒರೆಗಲ್ಲು ಸಿಕ್ಕಲಾರದು.

೨

ಸರ್ಕಾರದ ಸಂಶೋಧನೆಯಿಂದ ಜೀವಮೂಲವಾದ ಕೈಗಾರಿಕೆಯನ್ನು ಎಬ್ಬಿಸುವ ಪ್ರಯತ್ನ ಕನ್ನಡನಾಡಿಗೆ ಹೊಸದಲ್ಲ. ೧೯೧೪ಕ್ಕೆ ಮೊದಲು ಮೈಸೂರು ಸಂಸ್ಥಾನದ ಶ್ರೀಗಂಧದ ತುಂಡುಗಳು ಹರಾಜಾಗಿ, ಬಹುಭಾಗ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದುವು. ಮೊದಲನೆಯ ಮಹಾಯುದ್ಧ ಆ ಮಾರ್ಗವನ್ನು ಮುಚ್ಚಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಸರ್ಕಾರ ಬೆಂಗಳೂರಿನ ತಾತಾ ವಿಜ್ಞಾನಮಂದಿರದ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರ ನೆರವಿನಿಂದ ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ಕ್ರಮವನ್ನು ಸಾಧಿಸಿ, ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ಮುಂದೆ ಮೈಸೂರಿನಲ್ಲಿಯೂ ಕಾರ್ಖಾನೆಗಳನ್ನು ತೆರೆಯಿತು. ಅದರ ಬೆನ್ನಿಗೇ ಸಾಬೂನಿನ ಕಾರ್ಖಾನೆಯೂ ಬಂದಿತು. ಪ್ರಯೋಗಶಾಲೆಯಿಂದ ಪೇಟೆಯವರೆಗಿನ ದಾರಿ ಇಷ್ಟು ಬೇಗ ಕೂಡಿಬಂದ ಉದಾಹರಣೆಗಳು ವಿರಳ.

ಆದರೆ ಈ ಸರಪಳಿಯ ಮೊದಲನೆಯ ಕೊಂಡಿಯಾದ ಮರದ ಗತಿಯೇನಾಯಿತು? ಶ್ರೀಗಂಧವು ೧೭೯೨ರಲ್ಲಿ ಟಿಪ್ಪುವಿನ ಕಾಲದಿಂದಲೂ ರಾಜವೃಕ್ಷ. ಅದು ಯಾರ ಹೊಲದ ಬದುವಿನಲ್ಲಿ ಹುಟ್ಟಿದರೂ ಸರ್ಕಾರದ್ದೇ. ಹೊಲದವನಿಗೆ ಅದನ್ನು ಕಾಯುವ ಹೊಣೆಯುಂಟೇ ಹೊರತು ಒಡೆತನವಿಲ್ಲ. ಕಳುವಾದರೆ ವಿಚಾರಣೆ ಅವನಿಗೆ. ಬೆಳೆದರೆ ಲಾಭ ಬೊಕ್ಕಸಕ್ಕೆ. ಹೀಗಿರುವಲ್ಲಿ ಸಸಿಯನ್ನು ಕಂಡೊಡನೆ ಕಿತ್ತೆಸೆಯುವುದೇ ಜಾಣತನವೆಂದು ರೈತನಿಗೆ ತೋರಿದ್ದರೆ ಆಶ್ಚರ್ಯವೇನೂ ಇಲ್ಲ. ನೆಲದ ಒಡೆಯನೇ ಮರದ ಒಡೆಯನೆಂದು ಕರ್ನಾಟಕದ ಅರಣ್ಯ ಕಾನೂನು ತಿದ್ದುಪಡಿಯಾದುದು ೨೦೦೧ರಲ್ಲಿ. ಅಷ್ಟರೊಳಗೆ ಕಾಡಿನ ಗಂಧವು ತೀರ ಕ್ಷೀಣಿಸಿತ್ತು. ರಸಾಯನಶಾಸ್ತ್ರವೂ ಕಾರ್ಖಾನೆಯೂ ತಮ್ಮ ಕೆಲಸವನ್ನು ಮಾಡಿದ್ದುವು. ಬೆಳೆಯುವವನ ಹಕ್ಕನ್ನು ಕುರಿತು ಮಾತ್ರ ಯಾರೂ ಸಂಶೋಧನೆ ಮಾಡಿರಲಿಲ್ಲ. ಇದು ಮೊದಲನೆಯ ಪಾಠ.

೩

ಎರಡನೆಯ ಪಾಠ ತುಮಕೂರು ಜಿಲ್ಲೆಯಲ್ಲಿಯೇ ದೊರೆಯುತ್ತದೆ. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ೧೯೭೪ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಶಾಖೆ ಗ್ರಾಮಗಳಿಗೆ ಒಪ್ಪುವ ತಂತ್ರಜ್ಞಾನವನ್ನು ತನ್ನ ವಿಷಯವಾಗಿ ಆರಿಸಿಕೊಂಡಿತು. ಕುಣಿಗಲು ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ ೧೯೮೭ರಲ್ಲಿ ದೀಪಗಳು ಹೊತ್ತಿದುವು, ಕೊಳಾಯಿಯಲ್ಲಿ ನೀರು ಬಂದಿತು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ, ವಿದ್ಯುತ್ತಿನ ತಂತಿ ಮುಟ್ಟದ ಸುಮಾರು ೩೫ ಮನೆಗಳ ಊರಿನಲ್ಲಿ, ೧೯೮೮ರಲ್ಲಿ ಮರದ ಚೂರುಗಳಿಂದ ಅನಿಲವನ್ನು ತೆಗೆಯುವ ಯಂತ್ರ ನಿಂತಿತು. ಅದು ಒಂದು ದಶಕಕ್ಕೂ ಮಿಕ್ಕ ಕಾಲ ಬೆಳಕನ್ನೂ ಕುಡಿಯುವ ನೀರನ್ನೂ ಹಿಟ್ಟಿನ ಗಿರಣಿಯನ್ನೂ ನಡಸಿತು.

ಈ ಯಂತ್ರದ ತತ್ತ್ವವನ್ನು ಸಂಕ್ಷೇಪವಾಗಿ ಹೇಳಬಹುದು. ಒಣಗಿದ ಮರದ ತುಂಡುಗಳನ್ನು ಒಂದು ಕಡಾಯದಲ್ಲಿ ತುಂಬಿ, ಪೂರ್ತಿಯಾಗಿ ಉರಿಯಲು ಸಾಲದಷ್ಟು ಗಾಳಿಯನ್ನು ಮಾತ್ರ ಒಳಗೆ ಬಿಟ್ಟರೆ, ಮರವು ಬೂದಿಯಾಗಿ ಮುಗಿಯದೆ ಅರ್ಧ ಉರಿದು, ಮತ್ತೆ ಉರಿಯಬಲ್ಲ ಅನಿಲಗಳಾಗಿ ಒಡೆಯುತ್ತದೆ. ಆ ಅನಿಲವನ್ನು ತಣಿಸಿ, ತೊಳೆದು, ಶೋಧಿಸಿ ಎಂಜಿನ್ನಿಗೆ ಕೊಟ್ಟರೆ ವಿದ್ಯುತ್ತು ಬರುತ್ತದೆ. ಮರ ಹಸಿಯಾಗಿದ್ದರೆ, ಅಥವಾ ಅನಿಲದೊಡನೆ ಬರುವ ಟಾರನ್ನು ಸರಿಯಾಗಿ ತೊಳೆಯದಿದ್ದರೆ, ಎಂಜಿನ್ನು ಕಟ್ಟಿಕೊಂಡು ನಿಲ್ಲುತ್ತದೆ. ತತ್ತ್ವವು ಸರಳ, ನಿರ್ವಾಹವು ನಾಜೂಕು. ಈ ಭೇದವನ್ನು ಮುಂದಿನ ವೃತ್ತಾಂತದಲ್ಲಿ ನೆನಪಿನಲ್ಲಿ ಇಡತಕ್ಕದ್ದು.

ಹೊಸಹಳ್ಳಿಯ ಅನುಭವವನ್ನು ಅನುಸರಿಸಿ ೨೦೦೧ರಲ್ಲಿ ದೊಡ್ಡ ಯೋಜನೆಯೊಂದು ಆರಂಭವಾಯಿತು. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಇಲಾಖೆಯು ಕೇಂದ್ರ ಸರ್ಕಾರದ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಶಾಖೆಯ ನೆರವಿನಿಂದ, ವಿಜ್ಞಾನಮಂದಿರವನ್ನು ತಾಂತ್ರಿಕ ಸಹಾಯಕ್ಕೆ ಇರಿಸಿಕೊಂಡು ನಡಸಿದ ಈ ಯೋಜನೆಗೆ, ‘ಗ್ರಾಮೀಣ ಭಾರತಕ್ಕೆ ಜೈವಿಕ ಶಕ್ತಿ’ ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ‘ಬೇರಿ’ ಎಂದು ಹೆಸರಾಯಿತು. ಮಧುಗಿರಿ, ಶಿರಾ, ಕೊರಟಗೆರೆ, ಗುಬ್ಬಿ ತಾಲ್ಲೂಕುಗಳ ಹಳ್ಳಿಗಳು ಇದರ ಕ್ಷೇತ್ರ. ಊರವರು ನೆಡುತೋಪುಗಳನ್ನು ಬೆಳೆಸುವುದು, ಆ ಮರದಿಂದ ಊರಿನ ಯಂತ್ರ ನಡೆಯುವುದು, ಹುಟ್ಟಿದ ವಿದ್ಯುತ್ತನ್ನು ಕಂಪನಿಯ ತಂತಿಗೆ ಮಾರುವುದು — ಇದು ಯೋಜನೆಯ ರೂಪ. ಮೂರು ಸ್ಥಳಗಳಲ್ಲಿ ಒಟ್ಟು ೦.೮೮ ಮೆಗಾವಾಟಿನ ಯಂತ್ರಗಳು ನಿಂತುವು. ಅವುಗಳಲ್ಲಿ ಹೆಸರಾದುದು ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆ. ೨೦೦೭ರಿಂದ ಆ ಗ್ರಾಮಪಂಚಾಯಿತಿಯು ಯೂನಿಟ್ಟಿಗೆ ೨ ರೂಪಾಯಿ ೮೫ ಪೈಸೆಯಂತೆ ವಿದ್ಯುತ್ತನ್ನು ಬೆಸ್ಕಾಂ ಕಂಪನಿಗೆ ಮಾರಿತು. ಕೊಳ್ಳುವುದನ್ನು ಮಾತ್ರ ಬಲ್ಲ ಹಳ್ಳಿಯೊಂದು ವಿದ್ಯುತ್ತನ್ನು ಮಾರುವ ಸ್ಥಿತಿಗೆ ಬಂದುದು ಸಾಮಾನ್ಯವಾದ ಸಂಗತಿಯಲ್ಲ.

ಅಲ್ಲಿಂದ ಮುಂದಿನ ಕಥೆ ಬೋಧಪ್ರದವಾದುದು. ೧೦೦ ಕಿಲೋವಾಟಿನ ಒಂದು ಯಂತ್ರದ ನಡೆ ತೃಪ್ತಿಕರವಾಗಿಲ್ಲವೆಂದು ಕಂಡುಬಂದಾಗ, ಅದನ್ನು ರೂಪಿಸಿದ ವಿಜ್ಞಾನಮಂದಿರದವರೇ ಬಂದು ನಿಂತು ಸರಿಪಡಿಸಿ, ಸ್ಥಳದವರಿಗೆ ಶಿಕ್ಷಣವಿತ್ತು, ಅದನ್ನು ಸಾವಿರ ಗಂಟೆಗೂ ಮಿಗಿಲಾಗಿ ನಡಸಿ ತೋರಿಸಿದರು. ೨೦೧೧ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ೧೦೩೫ ಗಂಟೆಗಳಲ್ಲಿ ೧೧೧ ಟನ್ ಮರ ಉರಿದು ೮೦,೬೦೦ ಯೂನಿಟ್ ವಿದ್ಯುತ್ತು ಹುಟ್ಟಿತು. ಯೂನಿಟ್ಟಿಗೆ ಸುಮಾರು ೧.೪ ಕಿಲೋಗ್ರಾಂ ಮರ. ಮುಂದಿನ ಸಾವಿರ ಗಂಟೆಗಳ ಕಾಲ ಊರಿನ ತಂಡವೇ ಅದನ್ನು ನಡಸಿತು. ಯಂತ್ರವು ಮೊದಲು ಸೋತುದು ತತ್ತ್ವದ ದೋಷದಿಂದಲ್ಲ, ತಕ್ಕ ನಿರ್ವಾಹವಿಲ್ಲದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೂ ಬೆಲೆಯ ಪ್ರಶ್ನೆ ಉಳಿಯುತ್ತದೆ. ಮರಕ್ಕೆ ಕಿಲೋಗ್ರಾಮಿಗೆ ಒಂದೂವರೆ ರೂಪಾಯಿ ಎಂದು ಇಟ್ಟುಕೊಂಡರೆ, ಒಂದು ಯೂನಿಟ್ಟಿಗೆ ಮರದ ಖರ್ಚೇ ೨ ರೂಪಾಯಿ ೧೦ ಪೈಸೆಯಾಗುತ್ತದೆ. ಉಳಿದ ಮುಕ್ಕಾಲು ರೂಪಾಯಿಯಲ್ಲಿ ಕೂಲಿ, ರಿಪೇರಿ, ಎಂಜಿನ್ನಿನ ಸವಕಳಿ ಎಲ್ಲವೂ ತೀರಬೇಕು. ಹೊರಗಿನ ಹಣದ ಆಸರೆಯಿಲ್ಲದೆ ಇಂಥ ಸಂಸಾರ ಬಹುದಿನ ಸಾಗದು. ಯಂತ್ರವನ್ನು ರೂಪಿಸಲು ವರ್ಷಗಟ್ಟಲೆ ಸಂಶೋಧನೆ ನಡೆದಿತ್ತು. ಅದನ್ನು ಊರು ಹೇಗೆ ಸಾಕಿಕೊಳ್ಳಬೇಕೆಂಬುದಕ್ಕೆ ಅಷ್ಟು ಬುದ್ಧಿ ವಿನಿಯೋಗವಾದಂತೆ ತೋರುವುದಿಲ್ಲ. ಇದು ಎರಡನೆಯ ಪಾಠ.

೪

ಇಷ್ಟಾದರೂ ಇನ್ನೂ ಆಳವಾದ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ಆಂಧ್ರ ಸೀಮೆಯಿಂದ ಬಹುಮಟ್ಟಿಗೆ ಸುತ್ತುವರಿದಿರುವ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಿನ ಹಳ್ಳಿಗಳ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ೨೦೧೮ರಿಂದ ಮೊದಲಾಗಿ ಬೆಳೆದ ಸೌರವಿದ್ಯುತ್ ಕ್ಷೇತ್ರದ ಸಾಮರ್ಥ್ಯ ೨೦೫೦ ಮೆಗಾವಾಟು. ನೆಲವನ್ನು ರೈತರಿಂದ ಕೊಂಡಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ, ಕಾಲಕಾಲಕ್ಕೆ ಏರುವ ಗೇಣಿಗೆ ಪಡೆದಿದೆ. ಹೀಗೆ ಬಿಸಿಲಿನಿಂದ ನೇರವಾಗಿ ವಿದ್ಯುತ್ತು ಬರುತ್ತಿರುವಾಗ, ಬಿಸಿಲನ್ನು ಎಲೆಯಲ್ಲಿ ಹಿಡಿದು, ಎಲೆಯನ್ನು ಮರವಾಗಿಸಿ, ಮರವನ್ನು ಅನಿಲವಾಗಿಸಿ, ಅನಿಲವನ್ನು ವಿದ್ಯುತ್ತಾಗಿಸುವ ಸುತ್ತುದಾರಿ ಏಕೆ?

ಈ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಹೇಳುವುದು ಮೇಲು. ಮೇಲೆ ಹೇಳಿದ ಯಂತ್ರವನ್ನು ಅದೇ ನಡೆಯಲ್ಲಿ ವರ್ಷಕ್ಕೆ ೬೦೦೦ ಗಂಟೆ ನಡಸಿದರೆ ಸುಮಾರು ೬೪೦ ಟನ್ ಮರ ಬೇಕು, ಸುಮಾರು ೪ ಲಕ್ಷ ೬೭ ಸಾವಿರ ಯೂನಿಟ್ ಹುಟ್ಟುತ್ತದೆ. ಮಳೆಯನ್ನು ನೆಚ್ಚಿದ ನೆಲದಲ್ಲಿ ಎಕರೆಗೆ ವರ್ಷಕ್ಕೆ ಎರಡು ಟನ್ ಮರ ಬರುವುದೆಂದು ಉದಾರವಾಗಿ ಊಹಿಸಿದರೂ ೩೨೦ ಎಕರೆ ತೋಪು ಬೇಕಾಗುತ್ತದೆ. ಪಾವಗಡದ ಪ್ರಮಾಣದಲ್ಲಿ ಒಂದು ಮೆಗಾವಾಟಿಗೆ ಆರೂಕಾಲು ಎಕರೆಯಷ್ಟು ನೆಲ. ಒಂದು ಮೆಗಾವಾಟಿನ ಫಲಕಗಳು ವರ್ಷಕ್ಕೆ ಸ್ಥೂಲವಾಗಿ ೧೮ ಲಕ್ಷ ಯೂನಿಟ್ ಕೊಡುವುವೆಂದು ಇಟ್ಟುಕೊಂಡರೆ, ಅಷ್ಟೇ ವಿದ್ಯುತ್ತಿಗೆ ಎರಡು ಎಕರೆಯೂ ಬೇಡ. ಒಂದು ಕಡೆ ೩೨೦, ಇನ್ನೊಂದು ಕಡೆ ೨.

ಈ ಲೆಕ್ಕದ ಮುಂದೆ ಮರವನ್ನು ಉರಿಸಿ ವಿದ್ಯುತ್ತು ಮಾಡುವುದು ಮುಖ್ಯಮಾರ್ಗವಾಗಿ ನಿಲ್ಲಲಾರದು. ಸೂರ್ಯನಿಲ್ಲದ ಹೊತ್ತಿನಲ್ಲಿ ಒದಗುವುದು ಅದರ ಗುಣವೆಂಬುದು ದಿಟ. ಆ ಮಟ್ಟಿಗೆ ಅದು ಉಪಾಂಗವಾಗಿ ಉಳಿಯಬಹುದು. ಆದರೆ ಇದರಿಂದ ಜೀವಮೂಲ ಅರ್ಥವ್ಯವಸ್ಥೆಯೇ ವ್ಯರ್ಥವೆಂದು ಸಿದ್ಧವಾಗುವುದಿಲ್ಲ. ಅದನ್ನು ಯಾವ ಕೆಲಸಕ್ಕೆ ಹೂಡಬೇಕೆಂಬುದು ಸಿದ್ಧವಾಗುತ್ತದೆ. ಗಾಜಿನ ಫಲಕವು ವಿದ್ಯುತ್ತನ್ನು ಕೊಡುತ್ತದೆ. ಮೇವನ್ನು ಕೊಡುವುದಿಲ್ಲ, ಗೊಬ್ಬರವನ್ನು ಕೊಡುವುದಿಲ್ಲ, ನಾರು, ಎಣ್ಣೆ, ಮದ್ದು ಇವಾವುದನ್ನೂ ಕೊಡುವುದಿಲ್ಲ. ನೆಲದ ಒಡೆಯನಿಗೆ ಗೇಣಿ ಬರುತ್ತದೆ. ನೆಲವಿಲ್ಲದ ಕೂಲಿಗಾರನಿಗೂ ಕುರಿಗಾಹಿಗೂ ಆ ಗೇಣಿಯಲ್ಲಿ ಪಾಲಿಲ್ಲ. ಜೀವವು ಮಾತ್ರ ಮಾಡಬಲ್ಲ ಕೆಲಸವನ್ನು ಜೀವಕ್ಕೆ ಬಿಡುವುದು, ಇತರ ಸಾಧನಗಳಿಂದ ಸುಲಭವಾಗಿ ಆಗುವುದನ್ನು ಆ ಸಾಧನಗಳಿಗೆ ಬಿಡುವುದು — ಇದೇ ಸಂಶೋಧನ ನೀತಿಗೆ ಮೊದಲನೆಯ ಸೂತ್ರವಾಗಬೇಕೆಂದು ತೋರುತ್ತದೆ.

೫

ಇಲ್ಲಿ ಶಬ್ದಾರ್ಥದ ವಿಚಾರವೂ ಒಂದುಂಟು. ಈ ಪತ್ರಿಕೆಯ ವಾಚಕರಿಗೆ ಅದು ವಿಶೇಷವಾಗಿ ಸಂಬಂಧಿಸಿದ್ದು. ೨೦೦೩ರಲ್ಲಿ ಕೇಂದ್ರದ ಯೋಜನಾ ಆಯೋಗದ ಸಮಿತಿಯೊಂದು ಜಟ್ರೋಫಾ ಗಿಡವನ್ನು ಪಾಳುನೆಲಗಳಲ್ಲಿ ವಿಸ್ತಾರವಾಗಿ ಬೆಳೆಸಿ ಡೀಸೆಲ್ಲಿಗೆ ಬದಲು ಎಣ್ಣೆ ಪಡೆಯಬಹುದೆಂದು ಸೂಚಿಸಿತು. ಕರ್ನಾಟಕ ಸರ್ಕಾರವು ೨೦೦೯ರಲ್ಲಿ ತನ್ನ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಹೊಂಗೆ, ಬೇವು, ಹಿಪ್ಪೆ ಮುಂತಾದ ಮರಗಳನ್ನು ಬೆಳೆಸಲು ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಯೋಜನೆಗಳು ಬಂದುವು. ಹೆಸರುಗಳು ಕಿವಿಗೆ ಇಂಪಾದುವೇ. ಆದರೆ ‘ಬರಡು’, ‘ಬಂಜರು’, ‘ಪಾಳು’ ಎಂಬ ಮಾತುಗಳನ್ನು ನಾವು ಯಾವ ನೆಲಕ್ಕೆ ಅನ್ವಯಿಸುತ್ತಿದ್ದೇವೆ? ಕಂದಾಯದ ಪುಸ್ತಕದಲ್ಲಿ ತೆರಿಗೆ ತಾರದ ನೆಲ ಬಂಜರು. ಕುರಿಗಾಹಿಗೆ ಅದೇ ಗೋಮಾಳ, ಹುಲ್ಲುಗಾವಲು, ಬೇಸಗೆಯ ಕೊನೆಯ ಆಧಾರ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹತ್ತಿರ ೭೯೮ ಎಕರೆಯ ಒಂದು ಹುಲ್ಲುಬಯಲು ಇದೆ. ಮರಗಳಿಲ್ಲವೆಂಬ ಕಾರಣದಿಂದ ಅದನ್ನು ಬರಡೆನ್ನುವುದು ಸುಲಭ. ಆದರೆ ಕೃಷ್ಣಮೃಗಗಳು ಹಿಂಡುಹಿಂಡಾಗಿ ಬಾಳುವ ತಾಣ ಅದೇ. ೨೦೦೭ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣ ಕ್ಷೇತ್ರವೆಂದು ಘೋಷಿತವಾಗಿ ಹೊಸ ಹೆಸರನ್ನು ಪಡೆಯಿತು. ಹಾಗೆ ಹೆಸರು ಪಡೆಯದ ಹುಲ್ಲುಬಯಲುಗಳಿಗೆ ನೀತಿಪತ್ರದ ‘ಬರಡು’ ಎಂಬ ಒಂದು ವಿಶೇಷಣವೇ ನೇಗಿಲಾಗಿ ಪರಿಣಮಿಸಬಹುದು.

‘ಉಳಿಕೆ’, ‘ತ್ಯಾಜ್ಯ’ ಎಂಬ ಶಬ್ದಗಳ ವಿಷಯವೂ ಹೀಗೆಯೇ. ಕಡಲೆಕಾಯಿಯ ಬಳ್ಳಿಯು ನೀತಿಕಾರನ ಲೆಕ್ಕದಲ್ಲಿ ಕೃಷಿಯ ಉಳಿಕೆ. ಪಾವಗಡದ ಒಕ್ಕಲಿಗನ ಮನೆಯಲ್ಲಿ ಎತ್ತಿನ ವರ್ಷದ ಮೇವು. ಕಾಯಿಯ ತೂಕದಲ್ಲಿ ಕಾಲುಭಾಗದಷ್ಟಿರುವ ಸಿಪ್ಪೆಯಾದರೋ ನಿಜವಾಗಿಯೂ ಕಾರ್ಖಾನೆಗೆ ದೊರೆಯಬಲ್ಲದು. ಇವೆರಡನ್ನೂ ಒಂದೇ ತಲೆಬರಹದ ಕೆಳಗೆ ಕೂಡಿಸಿದರೆ ಲೆಕ್ಕವು ದೊಡ್ಡದಾಗುತ್ತದೆ, ಮತ್ತು ಸುಳ್ಳಾಗುತ್ತದೆ. ಕೆರೆಯಂಗಳಗಳನ್ನು ಮುತ್ತಿರುವ ಬಳ್ಳಾರಿ ಜಾಲಿಯೂ ಇನ್ನೊಂದು ನಿದರ್ಶನ. ಅದನ್ನು ಕಡಿದು ಉರಿಸುವುದರಿಂದ ಕೆರೆಗೂ ಉಪಕಾರ, ಒಲೆಗೂ ಉಪಕಾರ. ಆದರೆ ಅದನ್ನೇ ನೆಚ್ಚಿ ಕಾರ್ಖಾನೆಯೊಂದು ಎದ್ದರೆ, ನಿರ್ಮೂಲ ಮಾಡಬೇಕಾದ ಕಳೆಯನ್ನೇ ಸಾಕಬೇಕಾಗಿ ಬರುವುದು.

ಹೊಂಗೆಯ ವಿಷಯ ಬೇರೆ. ಅದು ಬರವನ್ನು ತಡೆಯಬಲ್ಲದು. ದ್ವಿದಳ ಜಾತಿಯದಾದುದರಿಂದ ನೆಲಕ್ಕೆ ಸಾರಜನಕವನ್ನು ಸೇರಿಸುತ್ತದೆ. ಅದರ ಸೊಪ್ಪು ಹಸಿರುಗೊಬ್ಬರ, ನೆರಳು ಪ್ರಸಿದ್ಧ. ಬೀಜದಲ್ಲಿ ನೂರಕ್ಕೆ ಮೂವತ್ತರಷ್ಟೋ ಇನ್ನೂ ಮೇಲೋ ಎಣ್ಣೆ. ಎಣ್ಣೆ ತೆಗೆದ ಹಿಂಡಿ ಮತ್ತೆ ಹೊಲಕ್ಕೆ. ಡೀಸೆಲ್ಲಿನೊಡನೆ ಬೆಲೆಯಲ್ಲಿ ಸೆಣಸುವುದೊಂದನ್ನೇ ಅದರಿಂದ ನಿರೀಕ್ಷಿಸಿದರೆ ಅದು ಸೋಲಬಹುದು. ಬದುವಿನ ಮೇಲಿನ ಮರವಾಗಿ, ಗೊಬ್ಬರದ ಮೂಲವಾಗಿ, ಕೀಟನಿವಾರಕವಾಗಿ, ಕಡೆಗೆ ಎಣ್ಣೆಯಾಗಿ ಅದನ್ನು ಎಣಿಸಿದರೆ ಲೆಕ್ಕವೇ ಬದಲಾಗುತ್ತದೆ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಸಂಶೋಧನೆಗೂ ಒಮ್ಮೊಮ್ಮೆ ಸಲ್ಲುತ್ತದೆ. ಹೊರದೇಶದ ಜಟ್ರೋಫಾಕ್ಕೆ ದೊರೆತ ಆದರ ದೊಡ್ಡದು. ಮಳೆ ಕಡಿಮೆಯಾದ ನೆಲಗಳಲ್ಲಿ ಅದರ ಫಲ ನಿರೀಕ್ಷೆಗೆ ಎಟುಕಲಿಲ್ಲ.

೬

ಇನ್ನು ಈಗಿನ ನೀತಿಯನ್ನು ನೋಡೋಣ. ೨೦೧೮ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲನ್ನು ೨೦೩೦ರೊಳಗೆ ಬೆರಸಬೇಕೆಂದಿತು. ೨೦೨೨ರಲ್ಲಿ ಆ ಅವಧಿಯನ್ನು ೨೦೨೫–೨೬ಕ್ಕೆ ಹಿಂದಕ್ಕೆ ತಂದರು. ೨೦೨೫ರಲ್ಲಿ ಆ ಗುರಿಯನ್ನು ಮುಟ್ಟಿದುದಾಗಿ ಸರ್ಕಾರ ತಿಳಿಸಿತು. ಈ ಎಥನಾಲಿನ ಮೂಲ ಕಬ್ಬು, ಅಕ್ಕಿ, ಮುಸುಕಿನ ಜೋಳ. ಇದು ನೀರುಳ್ಳ ಸೀಮೆಯ ಅಥವಾ ಉಗ್ರಾಣದ ಧಾನ್ಯದ ಮಾರ್ಗ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅದರಲ್ಲಿ ಸ್ಥಾನ ಅಲ್ಪ.

೨೦೨೪ರ ‘ಬಯೋ ಇ೩’ ನೀತಿಯ ಒಲವು ಬೇರೆ. ಜೀವಮೂಲದ ರಾಸಾಯನಿಕಗಳು ಮತ್ತು ಕಿಣ್ವಗಳು, ಹೊಸ ಬಗೆಯ ಪ್ರೋಟೀನುಗಳು, ಸೂಕ್ಷ್ಮವಾದ ಚಿಕಿತ್ಸಾ ವಸ್ತುಗಳು, ಹವಾಮಾನದ ಏರುಪೇರನ್ನು ತಾಳುವ ಕೃಷಿ, ಇಂಗಾಲವನ್ನು ಹಿಡಿದು ಉಪಯೋಗಿಸುವುದು, ಸಮುದ್ರ ಮತ್ತು ಅಂತರಿಕ್ಷದ ಸಂಶೋಧನೆ — ಹೀಗೆ ಆರು ಕ್ಷೇತ್ರಗಳನ್ನು ಅದು ಹೆಸರಿಸಿದೆ. ಉರಿಸುವುದಕ್ಕಿಂತ ಮೇಲಾದ ಉಪಯೋಗಗಳತ್ತ ಅದು ತಿರುಗಿದೆ ಎಂಬುದು ಮೇಲಿನ ಲೆಕ್ಕಕ್ಕೆ ಅನುಗುಣವಾಗಿಯೇ ಇದೆ. ಆದರೆ ಅದರ ಸಾಧನಗಳಾದ ತಯಾರಿಕಾ ಕೇಂದ್ರಗಳೂ ಪ್ರಯೋಗಶಾಲೆಗಳೂ ಸ್ವಾಭಾವಿಕವಾಗಿ ನಗರಗಳಲ್ಲಿ ನಿಲ್ಲುವುವು. ಹೀಗಾದರೆ ಗಂಧದೆಣ್ಣೆಯ ಚರಿತ್ರೆಯೇ ಮರುಕಳಿಸಿ, ಹಳ್ಳಿಯು ಮೂಲದ್ರವ್ಯವನ್ನು ಸಾಗಿಸುವ ಬಂಡಿಯಾಗಿ ಮಾತ್ರ ಉಳಿಯುವ ಭಯವುಂಟು.

ಆದಕಾರಣ ಈ ಸೀಮೆಗೆ ಹೊಂದುವ ಸಂಶೋಧನೆಯಲ್ಲಿ ನಾಲ್ಕು ವಿಷಯಗಳು ಸೇರತಕ್ಕುವು. ಮೊದಲನೆಯದು, ನೆಲದ ಮತ್ತು ಉಳಿಕೆಯ ಪ್ರಾಮಾಣಿಕವಾದ ಗಣನೆ: ಯಾವುದು ಮೇವು, ಯಾವುದು ಗೊಬ್ಬರ, ಇವೆರಡೂ ತೀರಿದ ಮೇಲೆ ಮಿಗುವುದು ಎಷ್ಟು ಎಂಬುದನ್ನು ತಾಲ್ಲೂಕುವಾರು ಗೊತ್ತುಮಾಡುವುದು. ಎರಡನೆಯದು, ಬೆಳೆಯುವವನ ಹಕ್ಕು: ಕೊರಟಗೆರೆಯ ಸಿದ್ಧರಬೆಟ್ಟದ ಮೂಲಿಕೆಯಾಗಲಿ ಬದುವಿನ ಹೊಂಗೆಯಾಗಲಿ, ಅದರಿಂದ ಹುಟ್ಟುವ ಲಾಭದಲ್ಲಿ ಬಿಡಿಸಿ ತಂದವನ ಪಾಲು ಮೊದಲೇ ಬರೆದಿರಬೇಕು. ೨೦೦೨ರ ಜೀವವೈವಿಧ್ಯ ಕಾನೂನು ಊರೂರಿಗೂ ವಿಧಿಸಿರುವ ಸಮಿತಿಗಳು ಈ ಕೆಲಸಕ್ಕೆ ತಕ್ಕ ಆಧಾರ. ಮೂರನೆಯದು, ನಿರ್ವಾಹದ ಶಿಕ್ಷಣ: ಯಂತ್ರಕ್ಕೆ ಕೊಡುವ ಹಣದ ಜೊತೆಗೇ, ಅದನ್ನು ಹತ್ತು ವರ್ಷ ನೋಡಿಕೊಳ್ಳುವ ಸ್ಥಳೀಯರ ವೇತನವೂ ಸಂಶೋಧನೆಯ ಖರ್ಚೆಂದೇ ಎಣಿಸಲ್ಪಡಬೇಕು. ನಾಲ್ಕನೆಯದು, ಬೆಲೆ: ಸರ್ಕಾರ ಕೊಳ್ಳುವುದಾದರೆ, ತಯಾರಿಕೆಯ ಖರ್ಚಿಗೆ ಕಡಿಮೆಯಾಗದ ದರ ಮೊದಲೇ ನಿಶ್ಚಯವಾಗಿರತಕ್ಕದ್ದು.

ಶ್ರೀಗಂಧದ ಮರವು ಒಂಟಿಯಾಗಿ ಬೆಳೆಯಲಾರದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅದರ ಬೇರು ನೆರೆಯ ಗಿಡಗಳ ಬೇರನ್ನು ತಬ್ಬಿ ಆಹಾರವನ್ನು ಪಡೆಯುತ್ತದೆ. ನೆರೆಯ ಗಿಡ ಒಣಗಿದರೆ ಅದೂ ಸೊರಗುತ್ತದೆ. ಪ್ರಯೋಗಶಾಲೆಗೂ ಹಳ್ಳಿಗೂ ಇರುವ ಸಂಬಂಧ ಇದೇ ಬಗೆಯದು. ಸರ್ಕಾರದ ಲೆಕ್ಕದಂತೆ ಭಾರತದ ಜೀವಮೂಲ ಅರ್ಥವ್ಯವಸ್ಥೆಯ ಮೊತ್ತ ೨೦೧೪ರಲ್ಲಿ ೧೦ ಶತಕೋಟಿ ಡಾಲರು. ೨೦೨೪ರ ಹೊತ್ತಿಗೆ ಅದು ೧೩೦ ಶತಕೋಟಿಯನ್ನು ದಾಟಿತು. ಈ ಏಳಿಗೆಯಲ್ಲಿ ಮಧುಗಿರಿಯ ಕುರಿಗಾಹಿಗೂ ಪಾವಗಡದ ಕೂಲಿಗಾರನಿಗೂ ಎಷ್ಟು ಸಂದಿತು ಎಂಬ ಕಲಮು ಆ ಮೊತ್ತದಲ್ಲಿ ಇಲ್ಲ. ಆ ಕಲಮನ್ನು ಸೇರಿಸಿ ಲೆಕ್ಕವಿಡಲು ಕಲಿತ ದಿನ ನೀತಿಯು ಶಾಶ್ವತವೆಂಬ ವಿಶೇಷಣಕ್ಕೆ ಅರ್ಹವಾಗುವುದು.